17 ಗೈಡ್, ಒಂದೇ ಕೆಲಸ: ನಮ್ಮ ಬಳಗದ ಸಹಾಯ ಪುಟಗಳನ್ನು ಜೋಡಿಸಲು ಹೋಗಿ ಆದದ್ದು

ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬಳಗದ ಹೆಸರಿಲ್ಲ, ಯಾರ ಹೆಸರೂ ಇಲ್ಲ, ಊರುಗಳನ್ನೂ ಬಿಟ್ಟಿದ್ದೇನೆ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದ್ದೇನೆ. ಉಳಿದದ್ದು ನಡೆದ ಹಾಗೇ ಇದೆ, ನಾನು ಮಾಡಿದ ಎಡವಟ್ಟೂ ಸೇರಿ.

ಹಿನ್ನೆಲೆ

ನಮ್ಮದು ಉಬುಂಟು (ವಿಂಡೋಸ್ ಬದಲಿಗೆ ಕಂಪ್ಯೂಟರಿಗೆ ಹಾಕುವ, ಲಿನಕ್ಸ್ ಬಗೆಯ ಉಚಿತ ವ್ಯವಸ್ಥೆ) ಬಳಸುವ ಕನ್ನಡಿಗರ ಸಣ್ಣ ಬಳಗ. ಸರ್ಕಾರಿ ಶಾಲೆಯ ಮೇಷ್ಟ್ರುಗಳಿದ್ದಾರೆ, ಡಿಟಿಪಿ ಮಾಡುವವರಿದ್ದಾರೆ, ಕಾಲೇಜು ಓದುವವರಿದ್ದಾರೆ, ಹೊರದೇಶದಲ್ಲಿ ಕೂತು ನಮ್ಮ ನಡುರಾತ್ರಿಯಲ್ಲಿ ಉತ್ತರ ಕೊಡುವ ಒಂದಿಬ್ಬರು ಎಂಜಿನಿಯರುಗಳೂ ಇದ್ದಾರೆ. ಯಾರಿಗೂ ಸಂಬಳ ಇಲ್ಲ. ಯಾರಾದರೂ ಏನಾದರೂ ಕಲಿತರೆ ಅದನ್ನು ಗೈಡ್ ಮಾಡಿ ನಮ್ಮ ವಿಕಿಗೆ ಹಾಕುವುದು, ಇಷ್ಟೇ ನಿಯಮ. ವಿಕಿ ನಡೆಯುವುದು ಮೀಡಿಯಾವಿಕಿ ಮೇಲೆ, ಅಂದರೆ ವಿಕಿಪೀಡಿಯ ನಡೆಯುವ ಅದೇ ತಂತ್ರಾಂಶ. ಯಾರು ಬೇಕಾದರೂ ಹೊಸ ಪುಟ ತೆರೆಯಬಹುದು.

ಹಾಗೆ ತೆರೆದು ತೆರೆದು ನೂರಕ್ಕೂ ಜಾಸ್ತಿ ಪುಟ ಆಗಿದ್ದವು. ಗುಬ್ಬಿ, ನವಿಲು ಫಾಂಟ್ ಹಾಕುವುದು. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ಫೈಲನ್ನು ಯೂನಿಕೋಡ್‌ಗೆ ತರುವುದು. ಸ್ಕ್ಯಾನ್ ಮಾಡಿದ ಪುಟದಿಂದ ಟೆಸರಾಕ್ಟ್ ಅನ್ನುವ ತಂತ್ರಾಂಶ ಹಿಡಿದು ಅಕ್ಷರ ತೆಗೆಯುವುದು. ಲಿಬ್ರೆ ಆಫೀಸ್‌ನಲ್ಲಿ ಪ್ರಶ್ನೆಪತ್ರಿಕೆ ಮಾಡುವುದು. ಪ್ರಿಂಟರ್ ಕೂಡಿಸುವುದು. ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ, ಕನ್ನಡ ಟೈಪ್ ಮಾಡುವುದು ಹೇಗೆ ಅನ್ನುವುದು. ಅದೊಂದರ ಮೇಲೇ 17 ಗೈಡ್ ಇದ್ದವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿರಲಿಲ್ಲ, ಅಥವಾ ನೋಡಿ ಇಷ್ಟವಾಗದೆ ತಾವೇ ಒಂದು ಬರೆದಿದ್ದರು. ನಾನೂ ಒಂದು ಬರೆದಿದ್ದೆ, ಯಾಕೆ ಸುಳ್ಳು ಹೇಳಲಿ.

ಸಮಸ್ಯೆ

ಉಬುಂಟು ಪ್ರತಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ಬಿಡುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಎಲ್‌ಟಿಎಸ್ (ದೀರ್ಘಕಾಲ ಬೆಂಬಲದ) ಆವೃತ್ತಿಗೆ 5 ವರ್ಷ ಬೆಂಬಲ ಇರುತ್ತದೆ. ಹಾಗಾಗಿ 2022ರಲ್ಲಿ ನಮ್ಮ ಬಳಗದೊಳಗೇ 18.04, 20.04, 22.04 (ಚುಕ್ಕೆಯ ಹಿಂದಿನದು ವರ್ಷ, ಮುಂದಿನದು ತಿಂಗಳು) ಮೂರೂ ಓಡುತ್ತಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಮನೆಯೊಳಗಿನ ಕೋಣೆಗಳೇ ಜಾಗ ಬದಲಾಯಿಸುತ್ತವೆ. 2017ರಲ್ಲಿ ಪರದೆಯ ರೂಪವೇ ಬದಲಾಗಿ, ಯೂನಿಟಿ ಅನ್ನುವುದು ಹೋಗಿ ಗ್ನೋಮ್ ಅನ್ನುವುದು ಬಂತು, ಅಲ್ಲಿಗೆ ಅದುವರೆಗಿನ ಚಿತ್ರಗಳೆಲ್ಲ ಹಳತಾದವು. 20.04ರಲ್ಲಿ ಕನ್ನಡ ಸೇರಿಸುವ ಜಾಗ 'ರೀಜನ್ ಅಂಡ್ ಲಾಂಗ್ವೇಜ್' ಒಳಗಿತ್ತು, 22.04ರಲ್ಲಿ ಅದು 'ಕೀಬೋರ್ಡ್' ಒಳಗೆ ಹೋಯಿತು. ನಮ್ಮ 17 ಗೈಡುಗಳಲ್ಲಿ ಬಹುಪಾಲು ಇನ್ನೂ ಹಳೇ ಜಾಗವನ್ನೇ ತೋರಿಸುತ್ತಿದ್ದವು. ಬರೆದ ದಿನ ಅವೆಲ್ಲ ಸರಿಯಾಗೇ ಇದ್ದವು. ಅದೇ ತೊಂದರೆ. ತಪ್ಪು ಗೈಡನ್ನು ಹುಡುಕಿ ತೆಗೆಯಬಹುದು, ಒಂದು ಕಾಲಕ್ಕೆ ಸರಿ ಇದ್ದದ್ದನ್ನು ಮುಟ್ಟಲು ಎಲ್ಲರಿಗೂ ಸಂಕೋಚ.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಅದರ ಬಿಸಿ ತಟ್ಟಿದ್ದು ಒಂದು ಶಾಲೆಯ ಲ್ಯಾಬ್‌ನಲ್ಲಿ. ಅಲ್ಲಿನ ಕಂಪ್ಯೂಟರುಗಳಿಗೆ ಆಗಷ್ಟೇ 22.04 ಹಾಕಿದ್ದೆವು. ಒಬ್ಬ ಮೇಡಂ ಕನ್ನಡ ಟೈಪಿಂಗ್ ಹಾಕಿಕೊಳ್ಳಲು ಕೂತರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಅವರು ನಮ್ಮ ವಿಕಿ ತೆರೆದು, ಹುಡುಕುವ ಪೆಟ್ಟಿಗೆಯಲ್ಲಿ ಫೋನಿನಿಂದ ಅಂಟಿಸಿದ್ದು 'ಕನ್ನಡ ಇನ್ಸ್ಟಾಲ್' ಅಂತ. 17ರಲ್ಲಿ ಸಿಕ್ಕಿದ್ದು 3. ಯಾಕೆಂದರೆ ಕೆಲವರು 'ಇನ್‌ಸ್ಟಾಲ್' ಅಂತ ನಡುವೆ ಕಣ್ಣಿಗೆ ಕಾಣದ ಅಕ್ಷರ ಹಾಕಿ ಒತ್ತು ಬಿಡಿಸಿ ಬರೆದಿದ್ದರು, ಕೆಲವರು ಹಾಕದೆ ಬರೆದಿದ್ದರು. ಓದುವವರಿಗೆ ಎರಡೂ ಒಂದೇ. ನಮ್ಮ ಹುಡುಕುವ ಪೆಟ್ಟಿಗೆಗೆ ಅವು ಬೇರೆ ಬೇರೆ ಪದ. ಇನ್ನು ಕೆಲವರು 'ಅನುಸ್ಥಾಪನೆ' ಅಂದಿದ್ದರು, ಒಬ್ಬರು 'ಅಳವಡಿಕೆ', ಇನ್ನೊಬ್ಬರು 'ಸ್ಥಾಪಿಸುವಿಕೆ'.

ಮೊದಲು ತೆರೆದ ಗೈಡಿನಲ್ಲಿ 'ಪ್ರದೇಶ ಮತ್ತು ಭಾಷೆ ಒಳಗೆ ಹೋಗಿ ಆದಾನ ಮೂಲ ಒತ್ತಿ' ಅಂತಿತ್ತು. ಮೇಡಂ ಕಂಪ್ಯೂಟರಿನ ಮೆನು ಪೂರ್ತಿ ಇಂಗ್ಲಿಷಿನಲ್ಲಿತ್ತು. "ಆದಾನ ಅಂದ್ರೆ ಏನು ಸರ್?" ಅಂದರು. ನನಗೂ ಒಂದು ಕ್ಷಣ ಹೊಳೆಯಲಿಲ್ಲ. ಇನ್‌ಪುಟ್ ಅನ್ನುವುದಕ್ಕೆ ಯಾರೋ ಹುಡುಕಿ ಹುಡುಕಿ ಹಾಕಿದ ಪದ ಅದು.

ಎರಡನೇ ಗೈಡ್‌ನಲ್ಲಿ ಟರ್ಮಿನಲ್‌ಗೆ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಿಟಕಿಗೆ, ಅಂಟಿಸಬೇಕಾದ ಒಂದು ಸಾಲಿತ್ತು. ಅಂಟಿಸಿದರು, ದೋಷ ಬಂತು. ಮತ್ತೆ ಅಂಟಿಸಿದರು, ಮತ್ತೆ ದೋಷ. ನಾನು ಎದ್ದು ಹೋಗಿ ನೋಡಿದೆ. ಸಾಲು ಸರಿಯಾಗೇ ಕಾಣುತ್ತಿತ್ತು. ಕನ್ನಡಕ ತೆಗೆದು ಪರದೆಗೆ ಮುಖ ಹತ್ತಿರ ತಂದು ನೋಡಿದಾಗ ಗೊತ್ತಾಯಿತು: ಅಲ್ಲಿ ಎರಡು ಪುಟ್ಟ ಅಡ್ಡಗೆರೆ ಇರಬೇಕಿತ್ತು, ಇದ್ದದ್ದು ಒಂದು ಉದ್ದ ಗೆರೆ. ಗೈಡ್ ಬರೆದವರು ಮೊದಲು ಲಿಬ್ರೆ ಆಫೀಸ್‌ನಲ್ಲಿ ಟೈಪ್ ಮಾಡಿಕೊಂಡಿದ್ದರು, ಅದರ ಆಟೋಕರೆಕ್ಟ್ ತನ್ನ ಪಾಡಿಗೆ ತಾನು ಎರಡು ಗೆರೆಯನ್ನು ಒಂದು ಮಾಡಿತ್ತು. ಎಷ್ಟು ಜನ ಆ ಸಾಲು ಅಂಟಿಸಿ, ಆಗಲ್ಲ ಅಂತ ಕೈಬಿಟ್ಟು ಹೋಗಿದ್ದಾರೋ.

ಮೂರನೇ ಗೈಡ್ ಹಿಡಿದು ಹೇಗೋ ಕನ್ನಡ ಸೇರಿಸಿದರು. 'ಇಲಾಖೆ' ಅಂತ ಟೈಪ್ ಮಾಡಿದರು. ಬಂದದ್ದು ಒಂದು ಚುಕ್ಕೆ ಚುಕ್ಕೆ ಸುತ್ತು, ಅದರ ಮೇಲೆ ಗುಡಿಸು, ಮುಂದೆ 'ಲಾಖೆ'.

ಇದೇಕೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕಗಪ ಕೀಲಿಮಣೆ ನಮ್ಮವರಿಗೆ ಕೈಗೆ ಕೂತಿರುವುದು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಕನ್ನಡ ಗಣಕ ಪರಿಷತ್ತಿನ (ಕಗಪ ಅಂದರೆ ಅದೇ) ನುಡಿ ತಂತ್ರಾಂಶದ ಜೊತೆ ಸರ್ಕಾರಿ ಕಚೇರಿಗಳಿಗೆಲ್ಲ ಹರಡಿದ್ದು. ಲಿನಕ್ಸ್‌ನಲ್ಲಿ ಅದು ಎರಡು ಕಡೆಯಿಂದ ಸಿಗುತ್ತದೆ. ಒಂದು ಸಿಸ್ಟಂ ಜೊತೆಗೇ ಬರುವ ಸಾದಾ ಕೀಬೋರ್ಡ್ ಪಟ್ಟಿಯಲ್ಲಿ, ಇನ್ನೊಂದು ಐಬಸ್ ಎಂ17ಎನ್ ಅನ್ನುವ ಪ್ಯಾಕೇಜ್ ಹಾಕಿದ ಮೇಲೆ. ಎರಡನೆಯದಕ್ಕೆ ಹಿಂದೆ ಯಾವ ಅಕ್ಷರ ಇದೆ ಅನ್ನುವುದು ಗೊತ್ತು, ಅದಕ್ಕೇ ಪದದ ಮೊದಲಲ್ಲಿ ಒತ್ತಿದರೆ 'ಇ' ಕೊಡುತ್ತದೆ, ವ್ಯಂಜನದ ನಂತರ ಒತ್ತಿದರೆ ಗುಡಿಸು ಕೊಡುತ್ತದೆ. ಮೊದಲನೆಯದು ಬರೀ ಕೀಲಿ ನೋಡುತ್ತದೆ. ಯಾವಾಗಲೂ ಗುಡಿಸೇ. ಪೂರ್ತಿ 'ಇ' ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ಪಟ್ಟಿಯಲ್ಲಿ ಎರಡರ ಹೆಸರೂ ಹೆಚ್ಚುಕಮ್ಮಿ ಒಂದೇ ಥರ. ನಮ್ಮ 17 ಗೈಡುಗಳಲ್ಲಿ ಕೆಲವು ಇದನ್ನು, ಕೆಲವು ಅದನ್ನು ಹೇಳುತ್ತಿದ್ದವು, ಎರಡು ಇವೆ ಅನ್ನುವುದನ್ನೇ ಯಾವುದೂ ಹೇಳುತ್ತಿರಲಿಲ್ಲ.

ಮೇಡಂ ಮೌಸ್ ಪಕ್ಕಕ್ಕಿಟ್ಟು, "ನಮ್ ಹಳೇ ನುಡೀನೇ ಸಾಕಿತ್ತು ಸರ್" ಅಂದರು. ಸಿಟ್ಟಿನಿಂದಲ್ಲ, ನನಗೆ ಬೇಜಾರಾಗಬಾರದು ಅನ್ನುವ ದನಿಯಲ್ಲಿ. ಅದು ಇನ್ನೂ ಜಾಸ್ತಿ ಚುಚ್ಚಿತು.

ಮೊದಲು ಮಾಡಿದ್ದು: ಚೀಟಿ ಅಂಟಿಸುವುದು

ಅಲ್ಲಿಂದ ಬಂದವನೇ ಬಳಗದಲ್ಲಿ 'ಜೋಡಿಸೋಣ' ಅಂತ ಹೊರಟೆ. ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆಯುವುದೇ, ವರ್ಗಗಳು. ಒಂದು ಶನಿವಾರ ಭಾನುವಾರ ಕೂತು ಮೂರ್ನಾಲ್ಕು ಜನ ಸೇರಿ ಪ್ರತಿ ಪುಟಕ್ಕೂ ವರ್ಗ ಹಾಕಿದೆವು. ಹಾರ್ಡ್‌ವೇರ್, ಭಾಷೆ, ಕಚೇರಿ ತಂತ್ರಾಂಶ, ಫಾಂಟ್, ಅದರೊಳಗೆ ಉಪವರ್ಗ. ನೋಡಲು ಚೆಂದವಾಯಿತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ ಹಾಗೆ. ಒಳಗಿನ ಬೇಳೆಗೆ ಹುಳ ಹಿಡಿದದ್ದು ಹಾಗೇ ಇತ್ತು. 'ಭಾಷೆ' ಅನ್ನುವ ವರ್ಗ ತೆರೆದರೆ ಅದೇ 17 ಗೈಡ್, ಈಗ ಅಕಾರಾದಿಯಲ್ಲಿ.

ಆಮೇಲೆ ಹೊರದೇಶದಲ್ಲಿರುವ ಒಬ್ಬರು ಡಯಾಟಾಕ್ಸಿಸ್ ಅನ್ನುವ ವಿಧಾನ ಹೇಳಿದರು. ಡ್ಯಾನಿಯೆಲೆ ಪ್ರೊಚಿಡಾ ಅನ್ನುವವರು ಕಟ್ಟಿದ್ದು, ಉಬುಂಟು ಮಾಡುವ ಕೆನಾನಿಕಲ್ ಕಂಪನಿಯೇ ತನ್ನ ದಾಖಲೆಗಳಿಗೆ ಬಳಸುತ್ತದೆ. ಬರಹಗಳನ್ನು ನಾಲ್ಕು ಬಗೆ ಮಾಡಬೇಕು ಅನ್ನುವುದು ಅದರ ಮಾತು: ಕೈಹಿಡಿದು ಕಲಿಸುವ ಪಾಠ, ಒಂದು ಕೆಲಸ ಮುಗಿಸಿಕೊಡುವ ಗೈಡ್, ಬೇಕಾದಾಗ ತೆರೆದು ನೋಡುವ ಆಕರ, ಯಾಕೆ ಹೀಗೆ ಅಂತ ಬಿಡಿಸಿ ಹೇಳುವ ವಿವರಣೆ. ಒಳ್ಳೇ ವಿಧಾನ, ನಾನು ಈಗಲೂ ನಂಬುತ್ತೇನೆ. ಆದರೆ ನಮ್ಮಲ್ಲಿ ಏನಾಯಿತೆಂದರೆ, ಈ ಪುಟ ಪಾಠವೋ ಗೈಡೋ ಅನ್ನುವ ವಾದ ಮೂರು ವಾರ ನಡೆಯಿತು, ಒಂದು ಪುಟವೂ ಸರಿಹೋಗಲಿಲ್ಲ. ಅದರಿಂದ ದಕ್ಕಿದ್ದು ಒಂದೇ ಒಂದು. ಒಂದು ಗೈಡ್ ಶುರುವಾಗುತ್ತಿದ್ದದ್ದು ಕಗಪ ವಿನ್ಯಾಸದ ಇತಿಹಾಸದಿಂದ, ಆರು ಪ್ಯಾರಾ. ಅದನ್ನು ಬೇರೆ ಪುಟಕ್ಕೆ ಕಳಿಸಲು ನಮಗೊಂದು ಮರ್ಯಾದಸ್ಥ ಕಾರಣ ಸಿಕ್ಕಿತು.

ಎಡವಟ್ಟು

ಮೂರನೆಯದು ನನ್ನ ಐಡಿಯಾ. 17ನ್ನೂ ಸೇರಿಸಿ ಒಂದು ಮಾಡಿಬಿಡುವುದು. ಬಳಗದ ಟೆಲಿಗ್ರಾಂ ಗುಂಪಿನಲ್ಲಿ 'ಈ ಭಾನುವಾರ ಟೈಪಿಂಗ್ ಪುಟಗಳನ್ನು ಒಂದು ಮಾಡ್ತಿದ್ದೀನಿ' ಅಂತ ಒಂದು ಸಾಲು ಹಾಕಿದೆ. ಇಬ್ಬರು ಹೆಬ್ಬೆರಳು ಎತ್ತಿದರು. ಅದನ್ನೇ ಒಪ್ಪಿಗೆ ಅಂದುಕೊಂಡು ಕೂತೆ, ಸಂಜೆಯೊಳಗೆ ಮುಗಿಸಿದೆ. ಹಳೇ ಪುಟಗಳನ್ನೆಲ್ಲ ಹೊಸ ಪುಟಕ್ಕೆ ತಿರುಗಿಸಿದೆ. ಹೊಸದು ಚೊಕ್ಕವಾಗಿತ್ತು. ತುಂಬಾ ಹೆಮ್ಮೆ ಅನಿಸಿತ್ತು.

ಆ 17ರಲ್ಲಿ 5 ಬರೆದಿದ್ದವರು ನಮ್ಮ ಬಳಗದ ಹಿರಿಯರು. ನಿವೃತ್ತರಾದ ಮೇಷ್ಟ್ರು. ನಮ್ಮಲ್ಲಿ ಬಹಳ ಜನಕ್ಕೆ ಮೊದಲ ಸಲ ಲಿನಕ್ಸ್ ಹಾಕಿಕೊಟ್ಟವರೇ ಅವರು. ಸೋಮವಾರ ಬೆಳಿಗ್ಗೆ ಫೋನ್ ಬಂತು.

"ನನ್ನ ಹೆಸರು ಎಲ್ಲಿ ಹೋಯ್ತಪ್ಪಾ?"

"ಹಿಸ್ಟರಿಯಲ್ಲಿದೆ ಸರ್, ಹಳೇ ಪುಟದ ಹಿಸ್ಟರಿ ತೆಗೆದ್ರೆ ಎಲ್ಲಾ ಇದೆ."

"ಹಿಸ್ಟರಿ ಯಾರು ನೋಡ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ತಾಂತ್ರಿಕವಾಗಿ ನೋಡಿದರೂ ತಪ್ಪು ನನ್ನದೇ. ನಮ್ಮ ವಿಕಿಯ ಬರಹಗಳು ಸಿಸಿ ಬೈ-ಎಸ್‌ಎ ಪರವಾನಗಿಯಲ್ಲಿವೆ. ಬೇರೆಯವರು ಬರೆದದ್ದನ್ನು ಎತ್ತಿ ಹೊಸ ಪುಟಕ್ಕೆ ಹಾಕುವಾಗ ಯಾರದ್ದು, ಎಲ್ಲಿಂದ ಅಂತ ಹೇಳಲೇಬೇಕು. ಕನಿಷ್ಠ ಬದಲಾವಣೆಯ ಸಾರಾಂಶದಲ್ಲಾದರೂ ಹಳೇ ಪುಟದ ಕೊಂಡಿ ಕೊಡಬೇಕಿತ್ತು. ನಾನು ಬರೆದಿದ್ದು 'ಸ್ವಚ್ಛ ಮಾಡಿದೆ' ಅಂತ. ಆ ಪದ ಇನ್ನೂ ಕೆಟ್ಟದಾಯಿತು, ಅಲ್ವಾ? ಅವರು ಬರೆದದ್ದು ಕಸ ಅಂದ ಹಾಗೆ. ಅವರು ಆ ವಾರವೇ ಗುಂಪು ಬಿಟ್ಟರು.

ಇಷ್ಟೇ ಆಗಿದ್ದರೆ ಮನುಷ್ಯರ ಮನಸ್ತಾಪ ಅಂತ ಬಿಡಬಹುದಿತ್ತು. ಆದರೆ ಮುಂದಿನ ಎರಡು ತಿಂಗಳು ಗುಂಪಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರತೊಡಗಿತು: ಪ್ಯಾಕೇಜ್ ಹಾಕಿದೆ, ಪಟ್ಟಿಯಲ್ಲಿ ಕನ್ನಡ ಕೆಜಿಪಿ (ಅಂದರೆ ಕಗಪ) ಬರ್ತಾನೇ ಇಲ್ಲ. ಒಬ್ಬೊಬ್ಬರಿಗೂ ಉತ್ತರ ಕೊಟ್ಟೆವು. ಐಬಸ್ ಎಂ17ಎನ್ ಹಾಕಿದ ಮೇಲೆ ಒಮ್ಮೆ ಲಾಗ್ ಔಟ್ ಆಗಿ ಒಳಗೆ ಬರಬೇಕು, ಇಲ್ಲಾ ಐಬಸ್ ಅನ್ನು ಮತ್ತೆ ಶುರು ಮಾಡಬೇಕು, ಆಮೇಲೇ ಅದು ಪಟ್ಟಿಯಲ್ಲಿ ಕಾಣುವುದು. ಇದು ಎಲ್ಲರಿಗೂ ಗೊತ್ತಿರುವುದೇ, ಗೈಡಿನಲ್ಲಿ ಯಾಕಿಲ್ಲ ಅಂತ ಒಂದು ರಾತ್ರಿ ಹಿರಿಯರ ಹಳೇ ಪುಟ ತೆಗೆದು ನೋಡಿದೆ. ಇತ್ತು. ಐದು ಗೈಡಿನಲ್ಲೂ ಇತ್ತು. ಕೆಂಪು ಬಣ್ಣದಲ್ಲಿ, ದಪ್ಪಕ್ಷರದಲ್ಲಿ, ಮೂರು ಆಶ್ಚರ್ಯಸೂಚಕ ಹಾಕಿ. ಅವರ ಪುಟಗಳಲ್ಲಿ ಕೆಂಪು ದಪ್ಪಕ್ಷರ ತುಂಬಾ ಇರುತ್ತಿತ್ತು. ಅದು ಅವರ ಅಭ್ಯಾಸ ಅಂದುಕೊಂಡು, ಓದದೆಯೇ ಹಾರಿಸಿ ಬಿಟ್ಟಿದ್ದೆ.

ಅವರ ಗೈಡ್ ನೋಡಲು ಚೆಂದ ಇರಲಿಲ್ಲ, ಆದರೆ ಅದರಲ್ಲಿದ್ದ ಒಂದೊಂದು ಕೆಂಪು ಸಾಲೂ ಯಾರೋ ಒಬ್ಬರು ಅವರಿಗೆ ಫೋನ್ ಮಾಡಿ ಒದ್ದಾಡಿದ ನಂತರ ಸೇರಿದ್ದು. ನನ್ನದು ಚೆಂದ ಇತ್ತು, ಯಾರೂ ಅದನ್ನು ಹಿಡಿದು ಕೆಲಸ ಮಾಡಿರಲಿಲ್ಲ.

ಹಾದಿ ತಿರುಗಿದ್ದು

ಇಲ್ಲಿಂದ ಮುಂದೆ ಕೆಲಸಕ್ಕೆ ಬಂದ ಐಡಿಯಾ ಒಂದೂ ನನ್ನದಲ್ಲ. ಬಳಗದಲ್ಲಿದ್ದ ಒಬ್ಬ ಕಾಲೇಜು ಹುಡುಗಿ, ಎರಡು ತಿಂಗಳ ಟೆಲಿಗ್ರಾಂ ಪ್ರಶ್ನೆಗಳನ್ನೆಲ್ಲ ಕೇಳಿದವರ ಮಾತಿನಲ್ಲೇ, ಒಂದಕ್ಷರ ತಿದ್ದದೆ ಒಂದು ಹಾಳೆಗೆ ಇಳಿಸಿಕೊಂಡು ಬಂದಳು. ಹಾಳೆಯಲ್ಲಿ ಇದ್ದದ್ದು ಹೀಗೆ: 'ಕನ್ನಡ ಬರ್ತಿಲ್ಲ'. 'ಚುಕ್ಕೆ ಚುಕ್ಕೆ ಸುತ್ತು ಬರ್ತಿದೆ'. 'ಹಳೇ ಫೈಲ್ ಓಪನ್ ಮಾಡಿದ್ರೆ ಏನೇನೋ ಅಕ್ಷರ'. 'ಪಿಡಿಎಫ್‌ನಿಂದ ಕಾಪಿ ಮಾಡಿದ್ರೆ ಒತ್ತಕ್ಷರ ಹಾರಿಹೋಗುತ್ತೆ'. 'ರ‍್ಯಾಂಕ್ ಅಂತ ಬರೆದ್ರೆ ರ್ಯಾಂಕ್ ಅಂತ ಬರುತ್ತೆ'. ಒಬ್ಬರೂ ಐಬಸ್ ಅಂದಿರಲಿಲ್ಲ. ಅನುಸ್ಥಾಪನೆ ಅಂದಿರಲಿಲ್ಲ. ಇನ್‌ಪುಟ್ ಮೆಥಡ್ ಅಂದಿರಲಿಲ್ಲ.

"ಅಣ್ಣ, ಪುಟದ ಹೆಸರೇ ಇವನ್ನ ಇಟ್ಬಿಡೋಣ ಅಲ್ವಾ?" ಅಂದಳು.

ಇಷ್ಟು ಸುಲಭದ್ದು ಇಷ್ಟು ದಿನ ಯಾಕೆ ಹೊಳೆದಿರಲಿಲ್ಲ ಅಂದರೆ, ನಾವೆಲ್ಲ ಉತ್ತರ ಗೊತ್ತಿದ್ದವರು. ಉತ್ತರದ ಹೆಸರಿನಲ್ಲಿ ಪುಟ ಇಡುತ್ತಿದ್ದೆವು. ಉತ್ತರದ ಹೆಸರು ಗೊತ್ತಿದ್ದವರಿಗೆ ಗೈಡ್ ಯಾಕೆ ಬೇಕು?

ಸುಮ್ನೆ ಆಗಲಿಲ್ಲ ಅದು. ಭಾಷೆಯ ಬಗ್ಗೆ ಕಾಳಜಿ ಇರುವ ಒಬ್ಬರು, ವಿಕಿ ಅಂದರೆ ಹರಟೆಕಟ್ಟೆ ಅಲ್ಲ, 'ಬರ್ತಿಲ್ಲ' ಅಂತೆಲ್ಲ ಶೀರ್ಷಿಕೆ ಇಟ್ಟರೆ ನಾಳೆ ಗಂಭೀರವಾಗಿ ಯಾರು ನೋಡುತ್ತಾರೆ ಅಂತ ಕೇಳಿದರು. ಅವರ ಮಾತಿನಲ್ಲೂ ಹುರುಳಿತ್ತು. ಕೊನೆಗೆ ಒಪ್ಪಿಕೊಂಡದ್ದು ಹೀಗೆ: ಪುಟದ ಹೆಸರು ಜನ ಕೇಳುವ ಹಾಗೆ, ಒಳಗಿನ ಬರಹ ಶುದ್ಧ ಬರವಣಿಗೆಯಲ್ಲಿ. ಅನುಸ್ಥಾಪನೆ, ಅಳವಡಿಕೆ, ಸ್ಥಾಪನೆ, ಇನ್‌ಸ್ಟಾಲ್, ಇನ್ಸ್ಟಾಲ್, ಯಾವುದರಲ್ಲಿ ಹುಡುಕಿದರೂ ಅದೇ ಪುಟಕ್ಕೆ ಬರುವಂತೆ ರೀಡೈರೆಕ್ಟ್. ಕಣ್ಣಿಗೆ ಕಾಣದ ಅಕ್ಷರ ಇರುವುದಕ್ಕೊಂದು, ಇಲ್ಲದ್ದಕ್ಕೊಂದು. ಟೈಪಿಂಗ್ ಪುಟ ಒಂದಕ್ಕೇ 11 ರೀಡೈರೆಕ್ಟ್ ಆದವು. ನೋಡಿದರೆ ಹುಚ್ಚು ಅನಿಸುತ್ತದೆ. ಕನ್ನಡದಲ್ಲಿ ಸಹಾಯ ಪುಟ ಜೋಡಿಸುವವರು ಯಾರೇ ಇರಲಿ, ವರ್ಗಗಳ ಮೇಲೆ ಎರಡು ದಿನ ಹಾಳುಮಾಡುವ ಬದಲು ಇದರ ಮೇಲೆ ಎರಡು ಗಂಟೆ ಕೂರಿ ಅಂತ ನಾನು ಹೇಳುತ್ತೇನೆ.

ಮೆನುಗಳ ಹೆಸರಿನ ಜಗಳವೂ ಆಗಲೇ ಮುಗಿಯಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಹೇಗಿದೆಯೋ ಗೈಡಿನಲ್ಲೂ ಹಾಗೇ ಇಡುವುದು, ಪಕ್ಕದಲ್ಲಿ ಕನ್ನಡ ಮೆನುವಿನಲ್ಲಿ ಏನು ಬರುತ್ತದೆ ಅಂತ ಒಮ್ಮೆ ಹೇಳುವುದು. ಕನ್ನಡಾಭಿಮಾನಕ್ಕೆ ಇದರಿಂದ ಧಕ್ಕೆ ಆಗಲಿಲ್ಲ. 'ಆದಾನ ಮೂಲ' ಹುಡುಕುತ್ತಾ ಕೂತವರು ಮಾತ್ರ ಕಡಿಮೆಯಾದರು.

ಬಾಯಿಗೆ ಬೀಗ

ಎರಡನೇ ನಿರ್ಧಾರ ಶಾಲೆಯ ಲ್ಯಾಬ್‌ನಿಂದ ಬಂದದ್ದು. ಯಾವ ಗೈಡ್ ಆದರೂ ಅದನ್ನು ಮೊದಲ ಸಲ ಮಾಡುವ ಒಬ್ಬರ ಮುಂದೆ ಇಡಬೇಕು, ಬರೆದವರು ಪಕ್ಕದಲ್ಲಿ ಕೂರಬೇಕು, ಬಾಯಿ ತೆರೆಯಬಾರದು. ಕೈಯಲ್ಲಿ ನೋಟ್‌ಬುಕ್ ಮಾತ್ರ. ನಾವು ಇದಕ್ಕೆ ಬಾಯಿಗೆ ಬೀಗ ಅಂತಲೇ ಹೆಸರಿಟ್ಟೆವು. ಮೇಷ್ಟ್ರುಗಳಿಗೆ ಇದು ಬಹಳ ಕಷ್ಟವಾಯಿತು.

ಉತ್ತರ ಕರ್ನಾಟಕದ ಕಡೆಯ ಒಬ್ಬ ಡಿಟಿಪಿ ಅಂಗಡಿಯವರ ಹತ್ತಿರ, ನುಡಿ ಫೈಲನ್ನು ಯೂನಿಕೋಡ್‌ಗೆ ತರುವ ಗೈಡ್ ಹಿಡಿದು ಕೂತೆವು. 'ಟರ್ಮಿನಲ್ ತೆರೆಯಿರಿ' ಅಂತ ಮೊದಲ ಸಾಲು. "ಟರ್ಮಿನಲ್ ಅಂದ್ರ ಎಲ್ಲೈತ್ರೀ ಅದು?" ಅಂದರು. ನಾನು ತುಟಿ ಕಚ್ಚಿಕೊಂಡೆ. ಅವರೇ ಹುಡುಕಿ ತೆರೆದರು. ಸಾಲು ಅಂಟಿಸಿದರು. ಅದು ಪಾಸ್‌ವರ್ಡ್ ಕೇಳಿತು. ಒಂದಕ್ಷರ ಒತ್ತಿದರು, ಪರದೆಯ ಮೇಲೆ ಏನೂ ಬರಲಿಲ್ಲ. ಇನ್ನೊಂದು ಒತ್ತಿದರು, ಬರಲಿಲ್ಲ. ಕೀಬೋರ್ಡ್ ಎತ್ತಿ ತಿರುಗಿಸಿ ನೋಡಿದರು. ವೈರ್ ಕಿತ್ತು ಮತ್ತೆ ಚುಚ್ಚಿದರು. "ಇದು ಹ್ಯಾಂಗ್ ಆಗೈತ್ರೀ" ಅಂತ ಕಿಟಕಿ ಮುಚ್ಚಿ ಮತ್ತೆ ಮೊದಲಿನಿಂದ ಶುರು ಮಾಡಿದರು.

ನಾವು ಆಗ ಬಳಸುತ್ತಿದ್ದ ಉಬುಂಟು ಆವೃತ್ತಿಗಳಲ್ಲಿ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಹೊಡೆಯುವಾಗ ಚುಕ್ಕಿಯೂ ಕಾಣುತ್ತಿರಲಿಲ್ಲ. ನಮಗೆ ಅದು ಉಸಿರಾಟದಷ್ಟು ಅಭ್ಯಾಸ. ನೂರು ಚಿಲ್ಲರೆ ಗೈಡುಗಳಲ್ಲಿ ಹುಡುಕಿದೆ, 'ಏನೂ ಕಾಣುವುದಿಲ್ಲ, ಹೆದರಬೇಡಿ, ಟೈಪ್ ಮಾಡಿ ಎಂಟರ್ ಒತ್ತಿ' ಅನ್ನುವ ಸಾಲು ಎಲ್ಲೂ ಇರಲಿಲ್ಲ. ಹಿರಿಯರ ಕೆಂಪು ಅಕ್ಷರದಲ್ಲೂ ಇರಲಿಲ್ಲ. ಬಹುಶಃ ಅಲ್ಲಿಯವರೆಗೆ ಬಂದವರು ಫೋನ್ ಮಾಡುವ ಮೊದಲೇ ಸೋತು ಎದ್ದು ಹೋಗಿರಬೇಕು.

ಮೂರನೆಯದು ಪುಟದ ತಲೆಯ ಮೇಲೆ ಒಂದು ಪಟ್ಟಿ. 'ಯಾವ ಆವೃತ್ತಿಯಲ್ಲಿ ಮಾಡಿ ನೋಡಿದ್ದು, ಯಾವ ತಿಂಗಳು, ಯಾರು', ಇಷ್ಟೇ. ಬರೆದವರ ಹೆಸರಲ್ಲ, ಕೊನೆಗೆ ಮಾಡಿ ನೋಡಿದವರ ಹೆಸರು. ಈಗಿನ ಎಲ್‌ಟಿಎಸ್‌ನಲ್ಲಿ ನೋಡಿದ್ದರೆ ಹಸಿರು, ಹಿಂದಿನದರಲ್ಲಿ ನೋಡಿದ್ದರೆ ಹಳದಿ, ಬೆಂಬಲ ಮುಗಿದ ಆವೃತ್ತಿಯಾದರೆ ಕೆಂಪು. ಹಿರಿಯರ ವಿಷಯದಲ್ಲಿ ಮಾಡಿದ ತಪ್ಪಿಗೆ, ಪುಟದ ಕೆಳಗೆ ಯಾರ ಯಾರ ಮಾತು ಇದರಲ್ಲಿ ಸೇರಿದೆ ಅಂತ ಎಲ್ಲರ ಹೆಸರೂ ಬಂತು, ಕಣ್ಣಿಗೆ ಕಾಣುವ ಹಾಗೆ. ಬರೆದವರಿಗೆ ಕೆಳಗಿನ ಸಾಲು, ನೋಡಿದವರಿಗೆ ಮೇಲಿನ ಪಟ್ಟಿ. ಇದು ಬೇರೆ ಮಾಡಿದ ಮೇಲೆ ಪುಟ ತಿದ್ದುವಾಗಿನ ಅರ್ಧ ಜಗಳ ತಾನಾಗೇ ನಿಂತಿತು. ಹಿರಿಯರಿಗೆ ಕೊಂಡಿ ಕಳಿಸಿ, ತಪ್ಪಾಯಿತು ಸರ್ ಅಂತ ಬರೆದೆ. 'ಆಯ್ತು' ಅಂತ ಉತ್ತರ ಬಂತು. ವಾಪಸ್ ಬರಲಿಲ್ಲ.

ಆಮೇಲೆ ಏನಾಯಿತು

ಟೈಪಿಂಗ್‌ನ 17 ಪುಟ 4 ಆದವು. ಹೊಸಬರಿಗೆ ಒಂದು. ಪಟ್ಟಿಯಲ್ಲಿ ಕನ್ನಡ ಕಾಣುತ್ತಿಲ್ಲ ಅನ್ನುವುದಕ್ಕೊಂದು, ಅದರ ಮೊದಲ ಸಾಲೇ ಲಾಗ್ ಔಟ್, ಕೆಂಪಿನಲ್ಲಿ, ದಪ್ಪಕ್ಷರದಲ್ಲಿ. ಚುಕ್ಕೆ ಸುತ್ತಿಗೊಂದು. ರ‍್ಯಾಂಕ್, ಸಾಫ್ಟ್‌ವೇರ್ ಥರದ ಪದಗಳಲ್ಲಿ ಒತ್ತು ಬಿಡಿಸುವುದಕ್ಕೊಂದು. ಗುಂಪಿನಲ್ಲಿ ಜನ ಈಗಲೂ ಅದೇ ಪ್ರಶ್ನೆ ಕೇಳುತ್ತಾರೆ, ಅದು ನಿಲ್ಲುವುದಿಲ್ಲ. ಉತ್ತರ ಒಂದು ಕೊಂಡಿಯಲ್ಲಿ ಮುಗಿಯುತ್ತದೆ, ಮತ್ತು ಆ ಕೊಂಡಿ ಕೊಟ್ಟವರು ಮಾರನೇ ದಿನ ಮತ್ತೆ ಫೋನ್ ಎತ್ತಬೇಕಾಗಿ ಬರುವುದು ಅಪರೂಪ.

2024ರ ಏಪ್ರಿಲ್‌ನಲ್ಲಿ 24.04 ಬಂತು. ಮುಖ್ಯ ಪುಟಗಳ ಪಟ್ಟಿ ಮಾಡಿ ಒಬ್ಬೊಬ್ಬರು ಮೂರು ಮೂರು ಹಂಚಿಕೊಂಡು ಎರಡು ಭಾನುವಾರ ಮಾಡಿ ನೋಡಿದೆವು. ಈ ಸಲ 'ರೀಜನ್ ಅಂಡ್ ಲಾಂಗ್ವೇಜ್' ಹೋಗಿ 'ಸಿಸ್ಟಂ' ಅನ್ನುವುದರ ಒಳಗೆ ಕೂತಿತ್ತು. ಕನ್ನಡ ಸೇರಿಸುವುದು ಮಾತ್ರ ಪುಣ್ಯಕ್ಕೆ 'ಕೀಬೋರ್ಡ್'ನಲ್ಲೇ ಉಳಿದಿತ್ತು. ಚಿತ್ರಗಳನ್ನು ಮೊದಲೇ ಬಹುಪಾಲು ತೆಗೆದಿದ್ದರಿಂದ ಕೆಲಸ ಬೇಗ ಆಯಿತು. ಎಲ್ಲಕ್ಕಿಂತ ಮೊದಲು ಮುದಿಯಾಗುವುದು ಚಿತ್ರ. ಎರಡು ಕಗಪಗಳಲ್ಲಿ ಯಾವುದು ಅಂತ ತೋರಿಸುವ ಒಂದು ಚಿತ್ರ ಮಾತ್ರ ಇಟ್ಟುಕೊಂಡಿದ್ದೇವೆ.

ನಷ್ಟವೂ ಆಗಿದೆ, ಅದನ್ನು ಹೇಳದಿದ್ದರೆ ಈ ಬರಹ ಅರ್ಧ ಸುಳ್ಳು. ಹೊಸದಾಗಿ ಬರೆಯುವವರು ಕಡಿಮೆಯಾದರು. ಮೊದಲು ಗೊತ್ತಾದದ್ದನ್ನು ಹಾಗೇ ತಂದು ಸುರಿಯುತ್ತಿದ್ದರು. ಈಗ ಪಟ್ಟಿ, ಬಣ್ಣ, ಬಾಯಿಗೆ ಬೀಗ ಎಲ್ಲ ನೋಡಿ, 'ನನ್ನದು ಅಷ್ಟು ಚೆನ್ನಾಗಿಲ್ಲ ಬಿಡಿ' ಅನ್ನುತ್ತಾರೆ. ಸ್ಟಾಕ್ ಓವರ್‌ಫ್ಲೋ ನೆನಪಾಗುತ್ತದೆ. ಪ್ರಪಂಚದ ಪ್ರೋಗ್ರಾಮರುಗಳೆಲ್ಲ ಅಲ್ಲಿ ಬಿಟ್ಟಿಯಾಗಿ ಉತ್ತರ ಕೊಡುತ್ತಿದ್ದರು. ಅದೇ ಜನ ಗೈಡೂ ಬರೆಯುತ್ತಾರೆ ಅಂದುಕೊಂಡು 2016ರ ಜುಲೈನಲ್ಲಿ ಡಾಕ್ಯುಮೆಂಟೇಶನ್ ಅನ್ನುವ ಬೇರೆ ವಿಭಾಗ ತೆರೆದರು. 2017ರ ಆಗಸ್ಟ್‌ನಲ್ಲಿ ಮುಚ್ಚಿದರು. ಎದುರಿಗೆ ಒಬ್ಬರು ಕೇಳುತ್ತಿರುವಾಗ ಉತ್ತರ ಕೊಡುವ ಹುರುಪು ಬೇರೆ, ಯಾರೂ ಕೇಳದಿರುವಾಗ ಪುಟ ತಿದ್ದುತ್ತಾ ಕೂರುವ ತಾಳ್ಮೆ ಬೇರೆ ಅಂತ ನಾನು ಅಂದುಕೊಂಡಿದ್ದೇನೆ.

ಅದಕ್ಕೆ ಈಗ 'ಅಟ್ಟ' ಅಂತ ಒಂದು ಜಾಗ ಮಾಡಿದ್ದೇವೆ. ಅಲ್ಲಿಗೆ ಯಾರು ಏನು ಬೇಕಾದರೂ ಎಸೆಯಬಹುದು: ಅರ್ಧ ಬರೆದದ್ದು, ಫೋನಿನ ಧ್ವನಿ ಸಂದೇಶ ಕೇಳಿ ಇಳಿಸಿದ್ದು, ಬರೀ ಟರ್ಮಿನಲ್ ಸಾಲುಗಳು. ಸಾಲುಗಳಲ್ಲಿ ಆ ಉದ್ದ ಗೆರೆ ಇದ್ದರೆ ಮಾತ್ರ ವಿಕಿಯೇ ಎಚ್ಚರಿಸುತ್ತದೆ, ಅದೊಂದು ಕಾವಲು ಹಾಕಿದ್ದೇವೆ. ಅಟ್ಟದ ಪುಟಗಳು ಹುಡುಕಿದರೆ ಬರುವುದಿಲ್ಲ. ಯಾರಾದರೂ ಹತ್ತಿ ಹೋಗಿ ಒಂದನ್ನು ಇಳಿಸಿಕೊಂಡು, ಮಾಡಿ ನೋಡಿ, ಪಟ್ಟಿ ಹಾಕಿ ತಂದರೆ ಆಗ ಅದು ಗೈಡ್. ಅಟ್ಟ ತುಂಬುತ್ತಿದೆ. ಹತ್ತುವವರು ಮೂರ್ನಾಲ್ಕು ಜನ.

ಪ್ರಿಂಟರ್ ಪುಟ ಮಾತ್ರ ಶುರುವಿನಿಂದಲೂ ಕೆಂಪು. ಬಳಗದ ಹುಡುಗರ ಮನೆಯಲ್ಲಿ ಪ್ರಿಂಟರ್ ಇಲ್ಲ. ಪ್ರಿಂಟರ್ ಇರುವ ಡಿಟಿಪಿಯವರ ಅಂಗಡಿಯ ಕಂಪ್ಯೂಟರಿನಲ್ಲಿ ಇನ್ನೂ ವಿಂಡೋಸ್ ಇದೆ, ಕೇಳಿದರೆ 'ಪ್ರಿಂಟರ್ ಗೈಡ್ ಹಸಿರಾಗ್ಲಿ, ಆಮೇಲೆ ಬರ್ತೀವಿ' ಅನ್ನುತ್ತಾರೆ.